ಬ್ರಿಟನ್–ಅರ್ಜೆಂಟೀನಾ ನಡುವಿನ ಫಾಕ್ಲೆಂಡ್ಸ್ ದ್ವೀಪಗಳ ಯುದ್ಧದಲ್ಲಿ ಶರಣಾಗತಿ ಪತ್ರ ಪಡೆದ ಜೆರೆಮಿ ಮೂರ್ ಯಾರು?

ಜೆರೆಮಿ ಮೂರ್ (1928–2007) ಬ್ರಿಟನ್ನಿನ ರಾಯಲ್ ಮರೀನ್ಸ್‌ ಎಂಬ ನೌಕಾ ಕಾಲಾಳು ಪಡೆಯ ಮೇಜರ್ ಜನರಲ್. 1947ರಲ್ಲಿ ಸೇನೆಗೆ ಸೇರಿದವರು. ಮಲಯಾದ ಕಾಡಿನ ಕಾಳಗದಲ್ಲಿ ಶೌರ್ಯಕ್ಕೆ ಕೊಡುವ ಮಿಲಿಟರಿ ಕ್ರಾಸ್ ಪದಕ ಮೊದಲ ಸಲ ಬಂತು.

ನನಗೆ ಬಹಳ ದೊಡ್ಡದೆನಿಸುವುದು 1962ರ ಡಿಸೆಂಬರ್‌ನಲ್ಲಿ ಬೋರ್ನಿಯೋದ ಲಿಂಬಾಂಗ್‌ನಲ್ಲಿ ನಡೆದದ್ದು. ಬ್ರೂನೈ ಬಂಡಾಯದ ಬಂಡುಕೋರರು ಹಿಡಿದಿಟ್ಟಿದ್ದ ಒತ್ತೆಯಾಳುಗಳನ್ನು ಬಿಡಿಸಲು ಕ್ಯಾಪ್ಟನ್ ಮೂರ್ ತಮ್ಮ ಕಂಪನಿಯನ್ನು ಸರಕು ದೋಣಿಗಳಲ್ಲಿ ತುಂಬಿಕೊಂಡು, ರಾತ್ರಿಯಿಡೀ ನದಿಯಲ್ಲಿ ಸಾಗಿ, ಬೆಳಗಿನ ಜಾವ ದಡಕ್ಕೆ ನುಗ್ಗಿದರು. ಒತ್ತೆಯಾಳುಗಳು ಬದುಕುಳಿದರು; ಐವರು ಮರೀನ್‌ಗಳು ಪ್ರಾಣ ಕೊಟ್ಟರು. ಆ ಐವರನ್ನು ಮರೆತು ಮೂರ್ ಅವರ ಎರಡನೇ ಮಿಲಿಟರಿ ಕ್ರಾಸ್ ಬಗ್ಗೆ ಮಾತಾಡಬಾರದು.

1982ರಲ್ಲಿ, ನಿವೃತ್ತಿ ಹತ್ತಿರವಿದ್ದಾಗ, ಫಾಕ್ಲೆಂಡ್ಸ್‌ನ ಭೂಸೇನೆಯ ಹೊಣೆ ಹೆಗಲಿಗೇರಿತು. ಜೂನ್ 14ರ ರಾತ್ರಿ ದ್ವೀಪಗಳ ರಾಜಧಾನಿ ಸ್ಟ್ಯಾನ್ಲಿಯಲ್ಲಿ ಅರ್ಜೆಂಟೀನಾದ ಜನರಲ್ ಮೆನೆಂಡೆಸ್ ಶರಣಾದರು. ಶರಣಾಗತಿ ಪತ್ರದಲ್ಲಿದ್ದ ‘ಬೇಷರತ್’ ಎಂಬ ಪದಕ್ಕೆ ಮೆನೆಂಡೆಸ್ ಒಪ್ಪಲಿಲ್ಲ. ಅದನ್ನು ಪೆನ್ನಿನಿಂದ ಹೊಡೆದುಹಾಕಲಾಯಿತು. ಮೂರ್ ಹಟ ಹಿಡಿಯಲಿಲ್ಲ, ಕಾಳಗ ನಿಂತಿತು.