ಅರ್ಧ ಬೆಲೆಯ ಅಪ್‌ಗ್ರೇಡ್ ಮತ್ತು ಹಳೆಯ ಹಾಡುಗಳು

ಪ್ರಶ್ನೆ: ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ ಇದೆ. ರಂಗಗೀತೆ, ಭಾವಗೀತೆ, ದುರ್ಗಾಂಬಿಕಾ ಜಾತ್ರೆಯ ಭಕ್ತಿಗೀತೆಗಳನ್ನು ವಿಂಡೋಸ್ 7 ಇರುವ ಕಂಪ್ಯೂಟರಿನಲ್ಲಿಯೇ ಧ್ವನಿಮುದ್ರಿಸುತ್ತೇನೆ. ಸಂಗೀತದ ಸಾಫ್ಟ್‌ವೇರಿನ ಹೊಸ ಆವೃತ್ತಿ ಈಗ ಅರ್ಧ ಬೆಲೆಗೆ ಸಿಗುತ್ತಿದೆ. ಕೊಳ್ಳಬಹುದೇ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಕೊಳ್ಳಬಹುದು, ಆದರೆ ಜಾಹೀರಾತಿನಲ್ಲಿರುವ ಬೆಲೆಯನ್ನೇ ಪೂರ್ತಿ ಖರ್ಚೆಂದು ಎಣಿಸಬೇಡಿ. ಹೊಸ ಆವೃತ್ತಿಗಳು ಸಾಮಾನ್ಯವಾಗಿ ವಿಂಡೋಸ್ 7ರಲ್ಲಿ ನಡೆಯುವುದಿಲ್ಲ. ವಿಂಡೋಸ್ 10ಕ್ಕೂ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇರುವ ಯಂತ್ರವನ್ನೇ ಕೇಳುತ್ತದೆ. ಹೀಗಾಗಿ ಸಾಫ್ಟ್‌ವೇರಿಗೆಂದು ಹೊರಟವರು ಕಂಪ್ಯೂಟರನ್ನೇ ಬದಲಿಸಬೇಕಾಗಿ, ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ನಿಮ್ಮ ಆಡಿಯೋ ಇಂಟರ್‌ಫೇಸಿಗೆ ತಯಾರಕರು ಹೊಸ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಕೊಡದಿದ್ದರೆ ಹೊಸ ಇಂಟರ್‌ಫೇಸಿನ ಖರ್ಚೂ ಸೇರುತ್ತದೆ. ಡಾಲರ್ ಅಥವಾ ಯೂರೋದಲ್ಲಿ ಹಣ ಕಟ್ಟುವಾಗ ತೆರಿಗೆಯನ್ನೂ ಬ್ಯಾಂಕಿನ ವಿನಿಮಯ ಶುಲ್ಕವನ್ನೂ ಕೂಡಿಸಿಕೊಳ್ಳಿ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಕಳವಳ ನಿಮ್ಮ ಹಳೆಯ ಹಾಡುಗಳದ್ದು. 2016ರ ಡಿಸೆಂಬರಿನಲ್ಲಿ ಬಂದ ಸಂಗೀತದ ಸಾಫ್ಟ್‌ವೇರ್ ಕ್ಯೂಬೇಸ್ 9, ಹಳೆಯ 32 ಬಿಟ್ ಮಾದರಿಯ ಪ್ಲಗಿನ್‌ಗಳನ್ನು (ವಾದ್ಯದ ನಾದ ಮುಂತಾದವನ್ನು ಒದಗಿಸುವ ಸೇರ್ಪಡೆ ತಂತ್ರಾಂಶಗಳನ್ನು) ಕೈಬಿಟ್ಟಿತು. 2019ರಲ್ಲಿ ಆಪಲ್ ಕಂಪನಿಯ ಮ್ಯಾಕ್ ಓಎಸ್ ಕ್ಯಾಟಲಿನಾ 32 ಬಿಟ್ ತಂತ್ರಾಂಶವನ್ನೇ ನಿಲ್ಲಿಸಿತು. ಇಂಥ ಪ್ಲಗಿನ್‌ನಿಂದ ಹಾರ್ಮೋನಿಯಂ ನುಡಿಸಿದ ರಂಗಗೀತೆಯೊಂದನ್ನು ಹೊಸ ಆವೃತ್ತಿಯಲ್ಲಿ ತೆರೆದರೆ ಟ್ರ್ಯಾಕ್ ಕಾಣಿಸುತ್ತದೆ, ಮಿಡಿ ಸ್ವರಗಳೂ (ಯಾವ ಸ್ವರ ಯಾವಾಗ ಎಂಬ ದಾಖಲೆ) ಇದ್ದಲ್ಲಿಯೇ ಇರುತ್ತವೆ, ಆದರೆ ಪ್ಲಗಿನ್ ಸಿಗಲಿಲ್ಲವೆಂಬ ಸೂಚನೆ ಬಂದು ಆ ಟ್ರ್ಯಾಕು ಮೌನವಾಗುತ್ತದೆ. ಬೇರೆ ಹಾರ್ಮೋನಿಯಂ ಹಾಕಬಹುದು, ಆದರೆ ನಾಟಕದ ಮೇಷ್ಟ್ರು ಕೂತು ಕೇಳಿ ಒಪ್ಪಿದ ನಾದ ಅದಲ್ಲ. ಆ ನಷ್ಟಕ್ಕೆ ಯಾವ ಕಂಪನಿಯೂ ರಿಯಾಯಿತಿ ಕೊಡುವುದಿಲ್ಲ.

ಆದ್ದರಿಂದ ಮೊದಲು ಹಳೆಯ ಯಂತ್ರದಲ್ಲಿಯೇ ಪ್ರತಿ ಹಾಡಿನ ಪ್ರತಿ ಟ್ರ್ಯಾಕನ್ನೂ ಸೊನ್ನೆಯ ಕ್ಷಣದಿಂದ ಕೊನೆಯವರೆಗೆ ವೇವ್ (WAV) ಧ್ವನಿ ಕಡತವಾಗಿ ಹೊರತೆಗೆಯಿರಿ. ಪ್ರತಿಧ್ವನಿಯಂಥ ಎಫೆಕ್ಟ್ ಸಹಿತ ಒಂದು ಪ್ರತಿ, ರಹಿತ ಒಂದು ಪ್ರತಿ ಇರಲಿ, ಗತಿಯನ್ನೂ ಬರೆದಿಡಿ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಐದು ನಿಮಿಷದ ಹಾಡಿನ ಇಪ್ಪತ್ತು ಮೊನೊ ಟ್ರ್ಯಾಕುಗಳಿಗೆ, ಒಂದು ಪ್ರತಿಗೆ, ಸುಮಾರು 860 ಎಂಬಿ ಬೇಕು. ಬೇಸರದ ಕೆಲಸ, ನಿಜ. ಆದರೂ ಈ ಕಡತಗಳನ್ನು ಸಂಗೀತದ ಯಾವ ಸಾಫ್ಟ್‌ವೇರ್ ಬೇಕಾದರೂ ತೆರೆಯುತ್ತದೆ.

ಅನಂತರ ಹೊಸ ಆವೃತ್ತಿಯ ಪ್ರಾಯೋಗಿಕ ಪ್ರತಿ ಸಿಗುವುದಾದರೆ ಅದನ್ನು ಸ್ನೇಹಿತರ ಯಂತ್ರದಲ್ಲಿ ಹಾಕಿ, ನಿಮ್ಮ ಅತ್ಯಂತ ಜಟಿಲವಾದ ಹಾಡನ್ನು ತೆರೆದು ನೋಡಿ. ಕೊಂಡರೂ, ಒಪ್ಪಿಕೊಂಡಿರುವ ಜಾತ್ರೆಯ ಹಾಡುಗಳು ಮುಗಿಯುವವರೆಗೆ ಹಳೆಯ ಯಂತ್ರ ಇದ್ದಂತೆಯೇ ಇರಲಿ.