ಮಾವನ ಭಜನೆ ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮ ಮಾವ ಭಜನಾ ಮೇಳದಲ್ಲಿ ಹಾಡುತ್ತಿದ್ದರು. ಅವರ ಹಾಡುಗಳ ರೆಕಾರ್ಡಿಂಗ್ 12 ಜಿಬಿ ಇದೆ. ಹೋದ ದಸರೆಯಲ್ಲಿ ಮನೆಯ ಕಂಪ್ಯೂಟರಿನಿಂದ, ಕಂಪ್ಯೂಟರುಗಳು ತಮ್ಮತಮ್ಮಲ್ಲೇ ಫೈಲ್ ಹಂಚಿಕೊಳ್ಳುವ ಜಾಲವಾದ ಐಪಿಎಫ್‌ಎಸ್‌ಗೆ ಹಾಕಿ, ಹುಬ್ಬಳ್ಳಿಯ ನಾದಿನಿಗೆ ವಿಳಾಸ ಕಳಿಸಿದೆ. ಚೆನ್ನಾಗಿ ಕೇಳಿಸುತ್ತಿತ್ತು. ಮನೆ ಬದಲಿಸಿದ ಮೇಲೆ ಕಂಪ್ಯೂಟರ್ ಇನ್ನೂ ಗೋಣಿಚೀಲದಲ್ಲೇ ಇದೆ. ಈಗ ಹಾಡು ತೆರೆಯುತ್ತಿಲ್ಲ. ಒಮ್ಮೆ ಹಾಕಿದರೆ ಕಾಯಂ ಇರುತ್ತದೆ ಅಂದಿದ್ದರು. ಎಲ್ಲಾ ಹೋಯಿತೇನು?
- ಬೆಟಗೇರಿಯ ಓದುಗರು

ಉತ್ತರ: ಹೋಗಿಲ್ಲ ಅಕ್ಕಾರ. ಹಾಡು ಗೋಣಿಚೀಲದಲ್ಲಿದೆ.

ಐಪಿಎಫ್‌ಎಸ್‌ಗೆ ‘ಹಾಕುವುದು’ ಅನ್ನುವ ಮಾತೇ ದಾರಿ ತಪ್ಪಿಸುತ್ತದೆ. ನೀವು ಎಲ್ಲಿಗೂ ಏನೂ ಹಾಕಲಿಲ್ಲ. ನಿಮ್ಮ ಕಂಪ್ಯೂಟರ್ ಫೈಲುಗಳನ್ನು ತುಂಡು ಮಾಡಿ, ಒಳಗಿರುವುದರ ಮೇಲೇ ಲೆಕ್ಕ ಹಾಕಿ ವಿಳಾಸ ಕಟ್ಟಿತು. ‘ಈ ಮಾಲು ನನ್ನ ಹತ್ತಿರ ಇದೆ’ ಎಂದು ನೆಟ್‌ವರ್ಕಿನಲ್ಲಿ ಡಂಗುರ ಸಾರಿತು. ಅಷ್ಟೇ. ಮತ್ತೆ ಮತ್ತೆ ಸಾರದಿದ್ದರೆ ಆ ಡಂಗುರವೂ ಒಂದೆರಡು ದಿನದಲ್ಲಿ ಅಳಿಸಿಹೋಗುತ್ತದೆ. ವಿಳಾಸ ಕಾಯಂ, ಮಾಲು ಅಲ್ಲ. ನಾದಿನಿಯವರು ಕೇಳಿದಾಗ ಅವರ ಕಡೆ ಒಂದು ಪ್ರತಿ ಉಳಿದಿದ್ದರೂ, ಪಿನ್ ಮಾಡದೆ (ಅಂದರೆ ‘ಇದನ್ನು ಅಳಿಸಬೇಡ’ ಎಂದು ಗುರುತು ಹಾಕದೆ) ಇದ್ದರೆ ಜಾಗ ಖಾಲಿ ಮಾಡುವಾಗ ಅದೂ ಕಸದ ಜೊತೆ ಹೋಗುತ್ತದೆ.

ಮೊದಲು ಕಂಪ್ಯೂಟರ್ ಬಿಚ್ಚಿ ಚಾಲೂ ಮಾಡಿ, ಸ್ವಲ್ಪ ಹೊತ್ತು ಬಿಡಿ. ಹಳೇ ವಿಳಾಸವೇ ತೆರೆಯುತ್ತದೆ. ಆ ಫೋಲ್ಡರನ್ನು ತೆಗೆದು ಮತ್ತೆ ಸೇರಿಸಲು ಹೋಗಬೇಡಿ. ತುಂಡಿನ ಅಳತೆ ಬೇರೆಯಾದರೂ, ಒಂದು ಹಾಡಿನ ಕೊನೆಯ ಕೆಮ್ಮು ಕತ್ತರಿಸಿದರೂ ವಿಳಾಸ ಬದಲಾಗುತ್ತದೆ. (ಕೆಮ್ಮು ಇರಲಿ ಬಿಡಿ, ಅದೂ ಮಾವನದೇ ಅಲ್ವಾ?) ಆಮೇಲೆ ನಾದಿನಿಗೆ ಹೇಳಿ ಅದೇ ವಿಳಾಸವನ್ನು ಅವರ ಕಂಪ್ಯೂಟರಿನಲ್ಲೂ ಪಿನ್ ಮಾಡಿಸಿ.

ಎಷ್ಟು ಕಡೆ ಇಡಬೇಕು? ಒಂದೊಂದು ಕಂಪ್ಯೂಟರ್ ಅರ್ಧ ಹೊತ್ತು ಮಾತ್ರ ಚಾಲೂ ಅನ್ನಿ. ಮೂರು ಕಡೆ ಇದ್ದರೆ ಒಂದಾದರೂ ಸಿಗುವ ಸಾಧ್ಯತೆ 100ಕ್ಕೆ 87.5. ಐದು ಕಡೆಯಾದರೆ ಸುಮಾರು 97. ಆದರೆ ಈ ಲೆಕ್ಕ ನಿಲ್ಲುವುದು ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲದಿದ್ದಾಗ ಮಾತ್ರ. ಎಲ್ಲರೂ ರಾತ್ರಿ ಹತ್ತಕ್ಕೇ ಆಫ್ ಮಾಡಿ ಮಲಗುವವರಾದರೆ, ಅಮೆರಿಕದ ಮೊಮ್ಮಗ ಕೇಳಲು ಕೂತಾಗ ಐದು ಪ್ರತಿಯೂ ನಿದ್ದೆಯಲ್ಲಿರುತ್ತವೆ.

ನನ್ನದೇ ಪೆದ್ದುತನ ಕೇಳಿ. ಸಪ್ತಾಪುರದ ನನ್ನ ಮನೆ, ಕೊಪ್ಪಿಕರ್ ರಸ್ತೆಯ ಗೆಳೆಯನ ಅಂಗಡಿ, ನವನಗರದ ತಮ್ಮನ ಮನೆ, ಹೀಗೆ ಮೂರು ಕಡೆ ಪ್ರತಿ ಇಟ್ಟು ಆರಾಮಾಗಿದ್ದೆ. ಒಂದು ದಿನ ಎಲ್ಲೋ ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿದರು. ಮೂರೂ ಒಟ್ಟಿಗೆ ಮಾಯ! ಮೂರೂ ಕಡೆ ಒಂದೇ ಕಂಪನಿಯ ಇಂಟರ್‌ನೆಟ್ ಅನ್ನುವುದು ಆಗಲೇ ತಲೆಗೆ ಹೋದದ್ದು. ಈಗ ಒಂದು ಪ್ರತಿ ಬೆಂಗಳೂರಿನಲ್ಲಿದೆ, ಇನ್ನೊಂದನ್ನು ದುಡ್ಡು ಕೊಟ್ಟು ಪಿನ್ನಿಂಗ್ ಸೇವೆಯಲ್ಲಿ ಇಟ್ಟಿದ್ದೇನೆ.

ಇದಕ್ಕಿಂತ ಜಾಣ ದಾರಿ ಒಂದಿದೆ. ರೀಡ್ ಮತ್ತು ಸಾಲೊಮನ್ ಎಂಬ ಗಣಿತಜ್ಞರು 1960ರಲ್ಲಿ ಕಂಡುಕೊಂಡ ಲೆಕ್ಕ. ನಿಮ್ಮ 12 ಜಿಬಿಯನ್ನು 4 ಜಿಬಿಯ ಹತ್ತು ಚೂರು ಮಾಡುವುದು. ಯಾವ ಮೂರು ಚೂರು ಸಿಕ್ಕರೂ ಇಡೀ ಭಜನೆ ವಾಪಸ್. ಮೂರು ಪೂರ್ತಿ ಪ್ರತಿಗೆ 36 ಜಿಬಿ ಬೇಕು, ಇದಕ್ಕೆ 40. ಅರ್ಧ ಹೊತ್ತಿನ ಅದೇ ಕಂಪ್ಯೂಟರುಗಳಲ್ಲಿ ಸಿಗುವ ಸಾಧ್ಯತೆ ಮಾತ್ರ 94.5ಕ್ಕೆ ಏರುತ್ತದೆ. ತಾಹೋ-ಲಾಫ್ಸ್ ಎಂಬ ವ್ಯವಸ್ಥೆ ಹೀಗೇ ಹತ್ತರಲ್ಲಿ ಮೂರು ಇಟ್ಟುಕೊಂಡಿದೆ. ಆದರೆ ಹತ್ತು ಮನೆ ಹುಡುಕುವ ತಾಪತ್ರಯ ನಿಮಗ್ಯಾಕೆ? ಪೂರ್ತಿ ಪ್ರತಿಗಳೇ ಸಾಕು. ಒಂದನ್ನು ಪೆನ್‌ಡ್ರೈವಿನಲ್ಲಿ ಹಾಕಿ ಕಪಾಟಿನಲ್ಲೂ ಇಡಿ.

ಪ್ರಶ್ನೆ: ಫೈಲ್‌ಕಾಯಿನ್‌ನಲ್ಲಿ ದುಡ್ಡು ತೊಗೊಂಡು ಫೈಲ್ ಇಟ್ಟುಕೊಳ್ತಾರಂತೆ. ನಿಜವಾಗಿ ಇಟ್ಟಿದ್ದಾರೆ ಅಂತ ನಂಬೋದು ಹೇಗೆ?
- ಹಾವೇರಿಯ ಕಾಲೇಜು ಹುಡುಗ

ಉತ್ತರ: ನಂಬಬೇಕಿಲ್ಲ ತಮ್ಮಾ, ಅವರೇ ಸಾಬೀತು ಮಾಡಬೇಕು. 2020ರ ಅಕ್ಟೋಬರಿನಲ್ಲಿ ಶುರುವಾದ ಈ ಜಾಲದಲ್ಲಿ ಇಟ್ಟುಕೊಳ್ಳುವವರು ಮೊದಲು ಠೇವಣಿ ಕಟ್ಟುತ್ತಾರೆ. ಮಾಲು ಇನ್ನೂ ತಮ್ಮ ಹತ್ತಿರವೇ ಇದೆ ಎಂದು 24 ಗಂಟೆಗೊಮ್ಮೆ ಲೆಕ್ಕದ ಪುರಾವೆ ಒಪ್ಪಿಸಬೇಕು. ತಪ್ಪಿದರೆ ದಂಡ. ಆದರೆ ಆ ಪುರಾವೆ ‘ಇದೆ’ ಅನ್ನುತ್ತದೆ, ‘ಕೇಳಿದ ಕೂಡಲೇ ಕೊಡುತ್ತೇನೆ’ ಅನ್ನುವುದಿಲ್ಲ. ಆಗಾಗ ಒಂದು ಫೈಲ್ ತರಿಸಿ ನೋಡು. ಒಪ್ಪಂದಕ್ಕೂ ಕೊನೆ ಇದೆ. ಆ ತಾರೀಕನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಸಿಲಿಂಡರ್ ಹಚ್ಚಿದ ದಿನದ ಪಕ್ಕ ಬರೆದಿಡು.