ಲಕ್ವ ಹೊಡೆದ ಕೈಗೆ ರಾಟೆ ಬೇಡ

ಪ್ರಶ್ನೆ: ಅಪ್ಪನಿಗೆ ಎರಡು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದೆ. ಯಾರೋ ಹೇಳಿದರೆಂದು ಜಗಲಿಯಲ್ಲಿ ರಾಟೆ ಕಟ್ಟಿ, ಎಡಗೈಯಿಂದ ಹಗ್ಗ ಎಳೆಸಿ ಬಲಗೈಯನ್ನು ಮೇಲೆತ್ತಿಸುತ್ತಿದ್ದೇವೆ. ಸ್ಪಂಜಿನ ಚೆಂಡನ್ನೂ ಹಿಸುಕಿಸುತ್ತೇವೆ. ಈಗ ಭುಜ ಮುಟ್ಟಿದರೂ ನೋವೆನ್ನುತ್ತಾರೆ. ಮುಂದುವರಿಸಬೇಕೇ? (ಕಾರ್ಕಳದ ಓದುಗರು)

ಉತ್ತರ: ರಾಟೆಯನ್ನು ಇಂದೇ ಬಿಚ್ಚಿ. ಮಂಗಳೂರಿನಲ್ಲಿ ನನ್ನ ಬಳಿ ಬರುವ ಮನೆಯವರಿಗೆಲ್ಲ ಇದನ್ನೇ ಹೇಳುತ್ತಿದ್ದೇನೆ, ಆದರೂ ಆ ಹಗ್ಗ ಇಳಿಯುತ್ತಿಲ್ಲ.

ಭುಜದ ಕೀಲಿನ ಗುಳಿ ಆಳವಿಲ್ಲ. ತೋಳಿನ ಮೂಳೆಯನ್ನು ಅಲ್ಲಿ ಹಿಡಿದಿಡುವುದು ಸುತ್ತಲಿನ ಸ್ನಾಯುಗಳು. ಅವು ಸೋತರೆ ಕೈಯ ಭಾರಕ್ಕೇ ಮೂಳೆ ಕೆಳಗೆ ಜಾರುತ್ತದೆ. ಇನ್ನೊಂದು ವಿಷಯ: ಕೈ 180 ಡಿಗ್ರಿ ಮೇಲೇರಲು ಸುಮಾರು 60 ಡಿಗ್ರಿಯಷ್ಟು ಚಲನೆ ಹೆಗಲೆಲುಬು (ಬೆನ್ನಿನ ಮೇಲ್ಭಾಗದ ಚಪ್ಪಟೆ ಮೂಳೆ) ತಿರುಗುವುದರಿಂದ ಬರಬೇಕು. ಹಗ್ಗ ಕೈಯನ್ನಷ್ಟೇ ಎಳೆಯುತ್ತದೆ, ಹೆಗಲೆಲುಬು ಇದ್ದಲ್ಲೇ ಇರುತ್ತದೆ, ನಡುವಿನ ಸ್ನಾಯುರಜ್ಜುಗಳು ಜಜ್ಜಿಹೋಗುತ್ತವೆ. ನೋವು ಬಂದ ಮೇಲೆ ರೋಗಿ ಕೈಯನ್ನು ಮೈಗೆ ಅವುಚಿಕೊಂಡು ಸರಿಯಾದ ವ್ಯಾಯಾಮಕ್ಕೂ ಒಪ್ಪುವುದಿಲ್ಲ. ಅಮೂಲ್ಯವಾದ ಮೊದಲ ತಿಂಗಳುಗಳು ಹೀಗೆ ಕಳೆದುಹೋಗುವುದನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ.

ಮೊದಲು ಭುಜವನ್ನು ವೈದ್ಯರಿಗೆ ತೋರಿಸಿ. ಹಾಸಿಗೆಯಿಂದ ಎಬ್ಬಿಸುವಾಗ ಆ ಕೈ ಹಿಡಿದು ಜಗ್ಗಬೇಡಿ. ಬೆನ್ನಿಗೂ ಸೊಂಟಕ್ಕೂ ಕೈ ಕೊಡಿ. ಕೂತಾಗ ಮೊಣಕೈಯಿಂದ ಬೆರಳಿನವರೆಗೆ ದಿಂಬಿನ ಮೇಲಿರಲಿ, ಜೋತುಬೀಳಬಾರದು. ವೈದ್ಯರು ಒಪ್ಪಿದ ಮೇಲೆ ಮೇಜಿನ ಮೇಲೆ ಬೈರಾಸು ಹಾಸಿ, ಎರಡೂ ಕೈ ಅದರ ಮೇಲಿಟ್ಟು, ಮೇಜು ಒರೆಸುವಂತೆ ಮುಂದಕ್ಕೆ ಜಾರಿಸಲು ಹೇಳಿ. ನೋವು ಶುರುವಾಗುವ ಮೊದಲೇ ನಿಲ್ಲಿಸಬೇಕು. ಕೈ ಭುಜದ ಮಟ್ಟ ದಾಟುವುದು ಬೇಡ. ಅವರು ಸ್ವತಃ ಪ್ರಯತ್ನಪಟ್ಟು ಸರಿಸಿದ ಒಂದು ಅಂಗುಲದಿಂದ ಮಿದುಳು ಕಲಿಯುವಷ್ಟು, ನೀವು ಎತ್ತಿಸಿದ ಒಂದು ಮೊಳದಿಂದ ಕಲಿಯುವುದಿಲ್ಲ.

ಚೆಂಡನ್ನೂ ತೆಗೆದಿಡಿ. ಲಕ್ವದ ನಂತರ ಸಾಮಾನ್ಯವಾಗಿ ಬೆರಳುಗಳು ಮಡಚಿಕೊಂಡೇ ಬಿಗಿಯುತ್ತವೆ. ಅಂಥ ಕೈ ಕಲಿಯಬೇಕಾದದ್ದು ಬಿಚ್ಚುವುದನ್ನು. ಹಗುರವಾದ ಖಾಲಿ ಲೋಟ ಹಿಡಿದು, ಬಿಡುವ ಅಭ್ಯಾಸ ಮಾಡಿಸಿ. ಬಿಡುವುದೇ ಕಷ್ಟ, ತಾಳ್ಮೆ ಬೇಕು.

ಪ್ರಶ್ನೆ: ಆರು ತಿಂಗಳಾದ ಮೇಲೆ ಸುಧಾರಣೆ ನಿಲ್ಲುತ್ತದೆಯಂತೆ, ಹೌದೇ?

ಉತ್ತರ: ಇಲ್ಲ, ವೇಗ ಕಡಿಮೆಯಾಗುತ್ತದೆ, ಅಷ್ಟೆ.

ಪ್ರಶ್ನೆ: ಮರಗಟ್ಟಿದ ಕಾಲಿಗೆ ಬಿಸಿನೀರಿನ ಚೀಲ ಇಡಬಹುದೇ?

ಉತ್ತರ: ಬೇಡ. ಸ್ಪರ್ಶವೇ ತಿಳಿಯದ ಕಾಲು ಸುಟ್ಟರೂ ತಿಳಿಯುವುದಿಲ್ಲ.

ಪ್ರಶ್ನೆ: ಪಾರಿವಾಳದ ರಕ್ತ ಹಚ್ಚಿದರೆ ಲಕ್ವ ವಾಸಿಯಾಗುತ್ತದೆಯೇ? (ಉಡುಪಿಯ ಓದುಗರು)

ಉತ್ತರ: ಆಗುವುದಿಲ್ಲ. ಹೀಗೆ ಹೇಳಿ ದುಡ್ಡು ಕೀಳುವವರು ರೋಗಿಯ ಸಮಯವನ್ನೂ ಕೀಳುತ್ತಾರೆ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಲಕ್ವ ಹೊಡೆದಿದ್ದರೆ, ಆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವ ಅವಧಿ, ಲಕ್ಷಣ ಕಾಣಿಸಿದಾಗಿನಿಂದ ನಾಲ್ಕೂವರೆ ಗಂಟೆ ಮಾತ್ರ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಬದಿಯ ಕೈ ಎತ್ತಲಾಗದಿದ್ದರೆ 108ಕ್ಕೆ ಕರೆಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರವಾಗಿ ಹೋಗಿ. ಲಕ್ಷಣ ಎಷ್ಟು ಗಂಟೆಗೆ ಕಾಣಿಸಿತೆಂದು ಬರೆದುಕೊಂಡು ಹೋಗಿ. ಅಲ್ಲಿ ಮೊದಲು ಅದನ್ನೇ ಕೇಳುತ್ತಾರೆ.